ವೀಳ್ಯ ಮತ್ತು ಟಿಕೆಟ್

ಕಲೆಯೊಂದನ್ನು ನೋಡಲೋ ಕೇಳಲೋ ಮನುಷ್ಯ ಹಣ ತೆರುವಾಗ ಅವನಿಗೆ ದಕ್ಕುವುದು ಏನು ಎಂಬ ಪ್ರಶ್ನೆ ಮೇಲುನೋಟಕ್ಕೆ ವ್ಯಾಪಾರದ್ದಾಗಿ ಕಂಡರೂ ಅದರ ಬೇರು ಇರುವುದು ದಾನ, ತ್ಯಾಗ, ರಸ ಎಂಬ ಹಳೆಯ ವಿಚಾರಗಳಲ್ಲಿ. 2024ರ ಸೆಪ್ಟೆಂಬರ್ 22ರಂದು ಬ್ರಿಟನ್ನಿನ ರಾಕ್ ತಂಡವಾದ ಕೋಲ್ಡ್‌ಪ್ಲೇಯ ಮುಂಬೈ ಕಛೇರಿಗಳ ಟಿಕೆಟ್ ಮಾರಾಟ ತೆರೆದಾಗ ಒಂದು ಕೋಟಿಗೂ ಹೆಚ್ಚು ಜನ ಏಕಕಾಲದಲ್ಲಿ ಮೊಬೈಲು, ಕಂಪ್ಯೂಟರುಗಳ ಮುಂದೆ ಸರತಿ ಹಿಡಿದಿದ್ದರೆಂದು ವರದಿಯಾಯಿತು. ಬೇಡಿಕೆಯ ಒತ್ತಡಕ್ಕೆ ಮೂರನೆಯ ದಿನವೊಂದನ್ನು ಸೇರಿಸಿದರೂ ಬಹುಪಾಲು ಜನ ಬರಿಗೈಯಲ್ಲಿ ಉಳಿದರು, ಟಿಕೆಟ್ ಸಿಕ್ಕ ಕೆಲವರು ಅದನ್ನೇ ಹಲವು ಪಟ್ಟು ಬೆಲೆಗೆ ಮರುಮಾರಾಟಕ್ಕಿಟ್ಟರು. ಈ ಸರತಿಯನ್ನು ಕುರಿತು ಹುಟ್ಟಿದ ಚರ್ಚೆಯೆಲ್ಲ ತಂತ್ರಜ್ಞಾನ ಮತ್ತು ಕಾಳಸಂತೆಯ ಸುತ್ತಲೇ ಸುತ್ತಿತು. ಆದರೆ ಇದಕ್ಕಿಂತ ಎಷ್ಟೋ ಪಾಲು ಉದ್ದದ, ದಿನಗಳಲ್ಲಲ್ಲದೆ ವರ್ಷಗಳಲ್ಲಿ ಎಣಿಸಬೇಕಾದ ಸರತಿಯೊಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ತಲೆಮಾರುಗಳಿಂದ ಸದ್ದಿಲ್ಲದೆ ಸಾಗಿಬಂದಿದೆ. ಕಾಯುವಿಕೆಯ ತತ್ತ್ವವನ್ನು ವಿಚಾರಿಸುವವರು ಮೊದಲು ನೋಡಬೇಕಾದದ್ದು ಅದನ್ನು.

ಚಾರ್ಮಾಡಿ ಘಾಟಿಯಿಂದ ಇಳಿದು ಬೆಳ್ತಂಗಡಿಯತ್ತ ಸಾಗುವ ಹೆದ್ದಾರಿಯಿಂದ ಧರ್ಮಸ್ಥಳದ ದಾರಿ ಕವಲೊಡೆಯುವ ಊರು ಉಜಿರೆ. ದೀಪಾವಳಿ ಕಳೆದು, ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆಯ ಕೊಯ್ಲು ಮುಗಿದು, ಗದ್ದೆಯ ಮಣ್ಣು ಗಟ್ಟಿಯಾಗುತ್ತಿದ್ದಂತೆ ಈ ಸೀಮೆಯಲ್ಲಿ ಯಕ್ಷಗಾನ ಮೇಳಗಳ ತಿರುಗಾಟ ಮೊದಲಾಗುತ್ತದೆ. ತಿರುಗಾಟವೆಂದರೆ ಮೇಳವು ದಿನಕ್ಕೊಂದು ಊರಿನಂತೆ ಬಿಡಾರ ಬದಲಿಸುತ್ತ ಆಟ ಆಡುವ ಋತು. ಅದು ತುಳುವರ ಬೇಷ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಗೆ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ, ವೇಷಧಾರಿಗಳು ಗೆಜ್ಜೆ ಬಿಚ್ಚುವುದರೊಂದಿಗೆ ಮುಗಿಯುತ್ತದೆ. ದೇಶವಿದೇಶ ಸುತ್ತುವ ಸಂಗೀತ ತಂಡಗಳ ಪ್ರವಾಸಕ್ಕೆ ಕನ್ನಡದಲ್ಲಿ ಹೊಸ ಪದ ಹುಡುಕುವವರಿಗೆ ಈ ಮಾತು ಸಿದ್ಧವಾಗಿಯೇ ಇದೆ. ಧರ್ಮಸ್ಥಳ, ಕಟೀಲು ಮುಂತಾದ ಕ್ಷೇತ್ರಗಳ ಮೇಳಗಳು ಆಡುವುದು ಹರಕೆಯ ಬಯಲಾಟಗಳನ್ನು. ಕಾಯಿಲೆ ವಾಸಿಯಾಗಲಿ, ಮಗು ಹುಟ್ಟಲಿ, ಮನೆಯ ಕೆಲಸ ಪೂರೈಸಲಿ ಎಂದು ದೇವರಿಗೆ ಹೇಳಿಕೊಂಡವರು ಆಟದ ಖರ್ಚನ್ನು ಹೊರುತ್ತಾರೆ. ಅವರಿಗೆ ಸೇವಾಕರ್ತರೆಂದು ಹೆಸರು. ಮೇಳಕ್ಕೆ ಅವರು ಒಪ್ಪಿಸುವ ಹಣಕ್ಕೆ ಸಂಭಾವನೆಯೆಂದಾಗಲಿ ಬಾಡಿಗೆಯೆಂದಾಗಲಿ ಹೇಳುವ ರೂಢಿಯಿಲ್ಲ. ಅದು ವೀಳ್ಯ, ಎಲೆಅಡಿಕೆಯ ಮರ್ಯಾದೆಯೊಡನೆ ಕೊಡುವಂಥದ್ದು.

ನಂದಿನಿ ನದಿಯ ನಡುಗಡ್ಡೆಯಲ್ಲಿರುವ ಕಟೀಲು ದುರ್ಗಾಪರಮೇಶ್ವರಿಯ ಹೆಸರಿನ ಮೇಳ ಒಂದರಿಂದ ಹಲವಾಗಿ ಬೆಳೆದ ಮೇಲೂ ಹರಕೆಯ ಸರತಿ ಕರಗಲಿಲ್ಲ. ಲೆಕ್ಕ ಸರಳವಾದದ್ದು: ಒಂದು ತಿರುಗಾಟದಲ್ಲಿ ಹೆಚ್ಚೆಂದರೆ 180ರಷ್ಟು ರಾತ್ರಿಗಳು ಸಿಗುತ್ತವೆ, ಎಲ್ಲ ಮೇಳಗಳನ್ನು ಕೂಡಿಸಿದರೆ ಆಟಗಳ ಸಂಖ್ಯೆ ಸಾವಿರವನ್ನು ಸ್ವಲ್ಪ ದಾಟುತ್ತದೆ, ಇವುಗಳಲ್ಲಿ ಹಲವು ರಾತ್ರಿಗಳು ವರ್ಷವೂ ಆಡಿಸುವವರ ಕಾಯಂ ಆಟಗಳಿಗೆ ಮೀಸಲಾದರೆ ಉಳಿದವುಗಳಿಗಾಗಿ ಹರಕೆ ಹೊತ್ತವರು ಹತ್ತು ವರ್ಷ, ಅದಕ್ಕೂ ಹೆಚ್ಚು ಕಾಲ ಕಾಯಬೇಕಾಗುತ್ತದೆ. ಮಗುವಿನ ಹುಟ್ಟಿಗಾಗಿ ಹೊತ್ತ ಹರಕೆಯ ಆಟವನ್ನು ಆ ಮಗು ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ನೋಡುವುದು ಈ ಕಡೆ ಯಾರಿಗೂ ಸೋಜಿಗದ ಸಂಗತಿಯಲ್ಲ.

ಹಾಗೆಂದು ಟಿಕೆಟ್ ಎಂಬುದು ಯಕ್ಷಗಾನಕ್ಕೆ ಹೊರಗಿನದೂ ಅಲ್ಲ. ಇಪ್ಪತ್ತನೆಯ ಶತಮಾನದ ನಡುವಿನ ದಶಕಗಳಲ್ಲಿ ಡೇರೆ ಮೇಳಗಳು ಕರಾವಳಿಯನ್ನು ಆಳಿದವು. ಬಯಲಿನಲ್ಲಿ ಡೇರೆ ಕಟ್ಟಿ, ನೆಲಕ್ಕೆ ಒಂದು ದರ, ಕುರ್ಚಿಗೆ ಇನ್ನೊಂದು, ಒರಗು ಕುರ್ಚಿಗೆ ಮತ್ತೊಂದು ಎಂದು ನಿಗದಿಮಾಡಿ, ಬಾಗಿಲಲ್ಲಿ ಟಿಕೆಟ್ ಹರಿದು ಒಳಗೆ ಬಿಡುವ ಪದ್ಧತಿ ಅದು. ಸುರತ್ಕಲ್ ಮೇಳ, ಕಲ್ಲಾಡಿಯವರ ಕರ್ನಾಟಕ ಮೇಳ ಇಂಥ ಡೇರೆಗಳಲ್ಲಿಯೇ ಹೆಸರಾದವು. ಇಂದು ಹರಕೆಯ ಆಟಗಳನ್ನಷ್ಟೇ ಆಡುವ ಧರ್ಮಸ್ಥಳ ಮೇಳವೂ ಹಿಂದೆ ಡೇರೆ ಆಟಗಳನ್ನು ಆಡಿದೆ. ಈ ವ್ಯವಸ್ಥೆಯನ್ನು ಹಣದಾಸೆಯ ಕೂಸೆಂದು ಹಳಿಯುವುದು ಸುಲಭವಾದರೂ ಅದು ನ್ಯಾಯವಲ್ಲ. ಗುತ್ತಿನ ಮನೆಯ, ಅಂದರೆ ಊರಿನ ಹಳೆಯ ಜಮೀನ್ದಾರಿ ಮನೆತನದ, ಎದುರಿನ ಬಾಕಿಮಾರು ಗದ್ದೆಯಲ್ಲಿ ನಡೆಯುವ ಆಟದಲ್ಲಿ ಎದುರಿನ ಸಾಲು ಯಾರದು, ದೂರದ ಬದುವಿನ ಮೇಲೆ ಕೂರಬೇಕಾದವರು ಯಾರು ಎಂಬುದನ್ನು ಹುಟ್ಟು ಮತ್ತು ಒಕ್ಕಲುತನ ತೀರ್ಮಾನಿಸುತ್ತಿದ್ದ ಕಾಲದಲ್ಲಿ, ಟಿಕೆಟ್ ಕೊಂಡವನ ಜಾತಿಯನ್ನು ಕೇಳದ ಕುರ್ಚಿ ಒಂದು ಬಿಡುಗಡೆಯೇ ಆಗಿತ್ತು. ಮನೆತನದ ಹಂಗಿಲ್ಲದೆ ಹೊಸ ಪ್ರಸಂಗಗಳನ್ನು, ತುಳು ಪ್ರಸಂಗಗಳನ್ನು ರಂಗಕ್ಕೆ ತರುವ ಧೈರ್ಯವನ್ನೂ ಮೇಳಗಳಿಗೆ ಕೊಟ್ಟದ್ದು ಡೇರೆಯ ಆದಾಯವೇ. ಟಿಕೆಟ್ಟಿನ ಈ ಗುಣವನ್ನು ಮರೆತು ಮಾಡುವ ಯಾವ ಧಾರ್ಮಿಕ ವಿಮರ್ಶೆಯೂ ಅರೆಸತ್ಯವಾಗುತ್ತದೆ.

ವೀಳ್ಯ, ಟಿಕೆಟ್ ಎರಡೂ ಕಡೆ ಹಣ ಕೈ ಬದಲಿಸುತ್ತದೆ, ಎರಡೂ ಕಡೆ ಕಾಯುವಿಕೆ ಇದೆ, ಎರಡರ ಗುರಿಯೂ ಒಂದು ರಾತ್ರಿಯ ಪ್ರದರ್ಶನವೇ. ಹೀಗಿರುವಾಗ ವ್ಯತ್ಯಾಸ ಎಲ್ಲಿ ಎಂಬುದಕ್ಕೆ ಮೀಮಾಂಸಾ ಶಾಸ್ತ್ರ, ಅಂದರೆ ವೈದಿಕ ಕರ್ಮಗಳ ಅರ್ಥವನ್ನು ವಿಚಾರಿಸುವ ದರ್ಶನ, ಒಂದು ಉಪಯುಕ್ತ ಅಳತೆಗೋಲನ್ನು ಕೊಡುತ್ತದೆ. ಅದರ ಕೇಂದ್ರಪದ ಸ್ವತ್ವ, 'ಇದು ನನ್ನದು' ಎಂಬ ಸಂಬಂಧ. ಬೆಲೆ ಕೊಟ್ಟು ವಸ್ತುವಿನ ಮೇಲೆ ಸ್ವತ್ವವನ್ನು ಪಡೆಯುವುದು ಕ್ರಯ. ತನ್ನ ಸ್ವತ್ವವನ್ನು ಬಿಟ್ಟು ಅದು ಮತ್ತೊಬ್ಬನದಾಗುವಂತೆ ಮಾಡುವುದು ದಾನ. ದೇವತೆಯನ್ನು ಉದ್ದೇಶಿಸಿ ದ್ರವ್ಯದ ಮೇಲಿನ ಸ್ವತ್ವವನ್ನು ಬಿಡುವುದು ಯಾಗ. ಈ ಅಳತೆಗೋಲನ್ನು ಹಿಡಿದರೆ ಟಿಕೆಟ್ ಕ್ರಯದ ಕಡೆಗೆ ನಿಲ್ಲುತ್ತದೆ, ಮತ್ತು ಅದು ಕೊಂಡುಕೊಡುವುದು ಆಟವನ್ನೋ ಹಾಡನ್ನೋ ಅಲ್ಲವೆಂಬುದೂ ಸ್ಪಷ್ಟವಾಗುತ್ತದೆ. ಅದು ಕೊಡುವುದು ಒಂದು ಸ್ಥಳವನ್ನು, ಆ ಸ್ಥಳದಿಂದ ಇತರರನ್ನು ಹೊರಗಿಡುವ ಹಕ್ಕನ್ನು. ಸೇವಾಕರ್ತರು ಕೊಡುವ ವೀಳ್ಯದಲ್ಲಿ ಈ ಹೊರಗಿಡುವ ಹಕ್ಕೇ ಇಲ್ಲ. ಖರ್ಚು ಅವರದು, ಆಟ ಊರಿನದು. ದಾರಿಹೋಕನೂ ಬಂದು ಕೂರಬಹುದು, ಹಿಂದಿನ ವರ್ಷ ಬೇಲಿಯ ತಗಾದೆಯಲ್ಲಿ ಮಾತು ಬಿಟ್ಟ ನೆರೆಯವನೂ ಊಟಕ್ಕೆ ಕುಳಿತು ಆಟ ನೋಡಿ ಹೋಗಬಹುದು. ಹತ್ತಾರು ವರ್ಷ ಕಾದು, ದೊಡ್ಡ ಮೊತ್ತ ತೆತ್ತು ಸೇವಾಕರ್ತರು ಪಡೆಯುವುದು ಇತರರಿಗೆ ಕಾಣಿಸುವ ಅವಕಾಶವನ್ನು. ಅನೇಕ ವೇಳೆ ಅತಿಥಿಗಳ ಉಪಚಾರದಲ್ಲಿಯೇ ಮುಳುಗಿರುವ ಅವರಿಗೆ ಆಟದ ಒಂದು ಸಂಧಿಯನ್ನಾದರೂ ಕುಳಿತು ನೋಡಲು ಪುರುಸೊತ್ತು ಸಿಗುವುದಿಲ್ಲ.

ಇಲ್ಲಿ ಗಂಭೀರವಾದ ಆಕ್ಷೇಪವೊಂದು ಏಳುತ್ತದೆ. ಹರಕೆಯೂ ದೇವರೊಡನೆ ಮಾಡುವ ಕೊಡುಕೊಳ್ಳುವಿಕೆಯಲ್ಲವೇ, ಬಯಸಿದ್ದು ಕೈಗೂಡಿದರೆ ಆಟ ಆಡಿಸುತ್ತೇನೆ ಎಂಬ ಷರತ್ತಿನ ಮಾತು ಕ್ರಯದ ಮಾತೇ ಅಲ್ಲವೇ ಎಂದು ಕೇಳಬಹುದು. ಕರ್ನಾಟಕದ ಶರಣರು ಇಂಥ ಫಲಾಪೇಕ್ಷೆಯ ಭಕ್ತಿಯನ್ನು ಕಟುವಾಗಿ ಪ್ರಶ್ನಿಸಿದವರು. ಅವರ ಪ್ರಶ್ನೆಯನ್ನು ತಳ್ಳಿಹಾಕಲು ಬರುವುದಿಲ್ಲ. ಹರಕೆ ಹುಟ್ಟುವಾಗ ಅದರಲ್ಲಿ ಲೆಕ್ಕಾಚಾರ ಇದೆಯೆಂಬುದನ್ನು ಒಪ್ಪಲೇಬೇಕು. ಆದರೆ ಹರಕೆ ತೀರುವಾಗ ನಡೆಯುವುದು ಬೇರೆ. ಬಯಸಿದ ಫಲ ಆಗಲೇ ಕೈಸೇರಿರುತ್ತದೆ, ಮೇಳ ಬರುವುದು ವರ್ಷಗಳ ನಂತರ. ಈ ನಡುವಿನ ಕಾಲದಲ್ಲಿ ಹೊಸದಾಗಿ ಪಡೆಯುವುದೇನೂ ಉಳಿದಿರುವುದಿಲ್ಲ, ಕೊಡುವುದು ಮಾತ್ರ ಉಳಿದಿರುತ್ತದೆ. ದೀರ್ಘವಾದ ಸರತಿಯು ವ್ಯಾಪಾರವಾಗಿ ಹುಟ್ಟಿದ್ದನ್ನು ನಿಧಾನವಾಗಿ ಕೃತಜ್ಞತೆಯಾಗಿ ಮಾಗಿಸುತ್ತದೆ ಎಂದರೆ ತಪ್ಪಾಗಲಾರದು. ಕಾಯುವಿಕೆಯ ಧಾರ್ಮಿಕ ಮೌಲ್ಯವನ್ನು ಹುಡುಕಬೇಕಾದದ್ದು ಇಲ್ಲಿ: ಟಿಕೆಟ್ಟಿಗಾಗಿ ಕಾಯುವವನ ಆಸೆ ಗಳಿಗೆಗಳಿಗೆಗೂ ಹರಿತವಾಗುತ್ತ ಹೋದರೆ, ಹರಕೆಯ ಸರತಿಯಲ್ಲಿ ಕಾಯುವವನ ಆಸೆ ತಣಿದು ಋಣದ ಅರಿವು ಉಳಿಯುತ್ತದೆ.

ಆ ಋಣಕ್ಕೆ ಮರಣವೂ ಅಡ್ಡಿಯಲ್ಲ. ಸರತಿ ಬರುವ ಮೊದಲೇ ಹರಕೆ ಹೊತ್ತವರು ತೀರಿಕೊಂಡರೆ ಮಕ್ಕಳು ಆಟ ಆಡಿಸುತ್ತಾರೆ. ಧರ್ಮಕಾರ್ಯಕ್ಕೆಂದು ಮಾತು ಕೊಟ್ಟ ದಾನವನ್ನು ಸಲ್ಲಿಸದೆ ತಂದೆ ಸತ್ತರೆ ಮಗ ಅದನ್ನು ಸಲ್ಲಿಸಬೇಕೆಂದು ಕಾತ್ಯಾಯನ ಸ್ಮೃತಿ ವಿಧಿಸುವುದು ಇದೇ ನಿಲುವನ್ನು. ಆಗ ಫಲ ಯಾರಿಗೆ? ಹೊತ್ತವರಿಗೋ, ತೀರಿಸಿದವರಿಗೋ? ಮೀಮಾಂಸಕರು ಕರ್ಮಕ್ಕೂ ಕಾಲಾಂತರದಲ್ಲಿ ಒದಗುವ ಫಲಕ್ಕೂ ನಡುವೆ ಅಪೂರ್ವವೆಂಬ ಅದೃಶ್ಯ ಶಕ್ತಿಯನ್ನು ಕಲ್ಪಿಸಿ ಇಂಥ ತೊಡಕುಗಳನ್ನು ಬಿಡಿಸಲು ಯತ್ನಿಸಿದರು. ಊರಿನ ಉತ್ತರ ಅಷ್ಟು ಸೂಕ್ಷ್ಮವಾದದ್ದಲ್ಲ. ಅಪ್ಪನ ಹರಕೆ ತೀರಿತು ಎಂದು ಮಗ ಹೇಳುತ್ತಾನೆ, ಆ ಮಾತಿನಲ್ಲಿ ಕರ್ತೃ ಅಪ್ಪನೇ ಆಗಿ ಉಳಿಯುತ್ತಾನೆ.

ಸ್ವತ್ವದ ವಿಚಾರಕ್ಕೆ ಭಾರತೀಯ ರಸಶಾಸ್ತ್ರ ಇನ್ನೂ ಆಳವಾದ ಬೆಂಬಲವನ್ನು ಕೊಡುತ್ತದೆ. ಭಟ್ಟನಾಯಕನು ಮುಂದಿಟ್ಟ, ಕಾಶ್ಮೀರದ ಅಭಿನವಗುಪ್ತನು ಬೆಳೆಸಿದ ಸಾಧಾರಣೀಕರಣ ಎಂಬ ತತ್ತ್ವದ ಪ್ರಕಾರ, ರಂಗದ ಮೇಲಿನ ಶೋಕವಾಗಲಿ ರತಿಯಾಗಲಿ ಪಾತ್ರದ್ದು ಮಾತ್ರ ಎಂದೋ ನೋಡುವವನದು ಮಾತ್ರ ಎಂದೋ ತೋರುತ್ತಿರುವ ತನಕ ರಸ ಹುಟ್ಟುವುದಿಲ್ಲ. ಭಾವವು ಯಾರೊಬ್ಬರ ಸೊತ್ತೂ ಆಗದೆ ಎಲ್ಲರಿಗೂ ಸಾಧಾರಣವಾದಾಗ ಮಾತ್ರ ಅದು ಆಸ್ವಾದಕ್ಕೆ ಒದಗುತ್ತದೆ. ಅಭಿನವಗುಪ್ತನು ರಸಕ್ಕೆ ಬರುವ ವಿಘ್ನಗಳನ್ನು ಎಣಿಸುವಾಗ ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದನ್ನೂ ಸೇರಿಸುತ್ತಾನೆ. ಹಾಗಾದರೆ ರಸವನ್ನು 'ನನ್ನದು' ಎಂದು ಹಿಡಿಯಲು ಹೊರಡುವುದೇ ಅದನ್ನು ಕಳೆದುಕೊಳ್ಳುವ ದಾರಿ. ಟಿಕೆಟ್ ಕೊಂಡವನಿಗೂ ಕುರ್ಚಿ ಮಾತ್ರ ತನ್ನದು, ಹಾಡು ಎದೆಗೆ ತಾಗಿದ ಗಳಿಗೆಯಲ್ಲಿ ಆ ಕುರ್ಚಿಯ ನೆನಪೂ ಅವನಿಗೆ ಇರುವುದಿಲ್ಲ.

ಕಟೀಲು ಮೇಳದ ಹರಕೆ ಆಟಗಳಲ್ಲಿ ಮತ್ತೆ ಮತ್ತೆ ಆಡುವ ಪ್ರಸಂಗವಾದ ಶ್ರೀ ದೇವೀ ಮಾಹಾತ್ಮ್ಯೆಯಲ್ಲಿ ಈ ತತ್ತ್ವ ಕಣ್ಣೆದುರೇ ನಡೆಯುತ್ತದೆ. ಮಹಿಷಾಸುರನ ವೇಷ ಚೌಕಿಯಿಂದ, ಅಂದರೆ ಬಣ್ಣ ಹಚ್ಚುವ ಮನೆಯಿಂದ, ನೇರವಾಗಿ ರಂಗಸ್ಥಳಕ್ಕೆ ಬರುವುದಿಲ್ಲ. ಸಭೆಯ ಹಿಂದೆ, ಗದ್ದೆಯ ಆ ತುದಿಯ ಕತ್ತಲಲ್ಲಿ ದೊಂದಿಗಳು ಹೊತ್ತಿಕೊಳ್ಳುತ್ತವೆ, ರಾಳದ ಪುಡಿ ಎರಚಿದಾಗ ಬೆಂಕಿ ಭುಗಿಲೆಂದು ಮೇಲೇಳುತ್ತದೆ, ಚೆಂಡೆಯ ಪೆಟ್ಟು ಏರುತ್ತಿದ್ದಂತೆ ಕೋಡುಗಳ ದೊಡ್ಡ ವೇಷ ಆರ್ಭಟಿಸುತ್ತ ಜನರ ನಡುವೆಯೇ ನುಗ್ಗಿ ಬರುತ್ತದೆ. ಮಡಿಲಲ್ಲಿ ಮಲಗಿದ್ದ ಮಕ್ಕಳು ಬೆಚ್ಚಿ ಎದ್ದು ತಾಯಂದಿರ ಸೆರಗು ಹಿಡಿಯುತ್ತಾರೆ, ಎದುರಿನ ಸಾಲಿನವರು ಕುರ್ಚಿ ಬಿಟ್ಟು ಎದ್ದು ಹಿಂದಕ್ಕೆ ತಿರುಗುತ್ತಾರೆ. ಆ ಹೊತ್ತಿನಲ್ಲಿ ಎದುರು ಯಾವುದು, ಹಿಂದು ಯಾವುದು ಎಂಬುದೇ ಅದಲುಬದಲಾಗಿ, ಅತ್ಯಂತ ಹಿಂದೆ ಬದುವಿನ ಮೇಲೆ ನಿಂತವನಿಗೆ ಅತ್ಯಂತ ಹತ್ತಿರದ ನೋಟ ದಕ್ಕುತ್ತದೆ. ಆಸನಗಳಿಗೆ ದರ ಕಟ್ಟುವ ಯಾವ ಪಟ್ಟಿಗೂ ಈ ಪ್ರವೇಶವನ್ನು ಅಳೆಯುವ ಅಂಕಣವಿಲ್ಲ.

ರಾಕ್ ಸಂಗೀತದ ಕಡೆಗೆ ಮತ್ತೆ ತಿರುಗಿದರೆ, ಅದರ ಶ್ರೋತೃಗಳನ್ನು ಬರೀ ಭೋಗಿಗಳೆಂದು ಕಡೆಗಣಿಸುವುದೂ ಅನ್ಯಾಯವೇ. 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ದೇಶದ ಮೂಲೆಮೂಲೆಗಳಿಂದ ರೈಲು, ಬಸ್ಸು ಹತ್ತಿ ಬಂದ ತರುಣರ ಶ್ರದ್ಧೆ, ಧರ್ಮಸ್ಥಳದ ಲಕ್ಷದೀಪೋತ್ಸವದ ಮೊದಲ ದಿನ ಉಜಿರೆಯ ಜನಾರ್ದನ ಸ್ವಾಮಿ ದೇವಸ್ಥಾನದಿಂದ ಅಲ್ಲಿಗೆ ನಡೆದುಹೋಗುವವರ ಶ್ರದ್ಧೆಗೆ ಬಂಧುವೇ ಆಗಿತ್ತು. ಸಾವಿರಾರು ಕೊರಳುಗಳು ಒಂದೇ ಪಲ್ಲವಿಯನ್ನು ಕೂಡಿ ಹಾಡುವಾಗ ಅಲ್ಲಿಯೂ ಸಾಧಾರಣೀಕರಣ ನಡೆಯುತ್ತದೆ. ತೊಡಕಿರುವುದು ಆ ಗಳಿಗೆಯನ್ನು ತಲುಪುವ ದಾರಿಯಲ್ಲಿ. ಟಿಕೆಟ್ ಸ್ವತ್ತಾದ್ದರಿಂದ ಅದನ್ನು ಕೂಡಿಡಬಹುದು, ಲಾಭಕ್ಕೆ ಮಾರಬಹುದು, ಹಾಡಿನ ಮೇಲೆ ಪ್ರೀತಿಯೇ ಇಲ್ಲದವನೂ ಅದಕ್ಕಾಗಿ ಸರತಿಯಲ್ಲಿ ನಿಲ್ಲಬಹುದು. ಹರಕೆಯ ಸರತಿಯಲ್ಲಿ ಹೆಸರಿಗೆ ಇಂಥ ಸಂತೆಬೆಲೆ ಹುಟ್ಟುವುದಿಲ್ಲ, ಏಕೆಂದರೆ ಆ ಹೆಸರಿನ ಹಿಂದೆ ಇರುವುದು ಒಬ್ಬರ ಸಂಕಟ ಮತ್ತು ಒಬ್ಬರು ಕೊಟ್ಟ ಮಾತು. ಇನ್ನೊಬ್ಬರ ಸಂಕಟವನ್ನು ಯಾರೂ ಕೊಂಡುಕೊಳ್ಳಲಾರರು. ಟಿಕೆಟ್ಟಿನ ಕಾಳಸಂತೆಯನ್ನು ಕಾನೂನಿನಿಂದ ತಡೆಯಬೇಕು, ಸಂದೇಹವಿಲ್ಲ. ಆದರೆ ಅದು ಸ್ವತ್ವವೆಂಬ ಕಲ್ಪನೆಯ ಒಳಗಿನಿಂದಲೇ ಬೆಳೆದದ್ದೆಂಬುದನ್ನು ಕಾಣದೆ ಮಾಡುವ ಚಿಕಿತ್ಸೆ ಮೇಲುಮೇಲಿನದಾಗುತ್ತದೆ. ಮೂಡುಬಿದಿರೆಯಲ್ಲಿ ಆಳ್ವಾಸ್ ವಿರಾಸತ್ ಎಂಬ ಸಾಂಸ್ಕೃತಿಕ ಉತ್ಸವ ದೇಶದ ಹೆಸರಾಂತ ಗಾಯಕರನ್ನು ಕರೆಸಿ ಬಾಗಿಲನ್ನು ಎಲ್ಲರಿಗೂ ತೆರೆದಿಡುವುದನ್ನು ನೋಡಿದರೆ, ವೀಳ್ಯದ ತತ್ತ್ವ ದೇವಸ್ಥಾನದ ಮೇಳಗಳಿಗಷ್ಟೇ ಸೀಮಿತವಾದದ್ದೆಂದು ತಿಳಿಯಬೇಕಾಗಿಯೂ ಇಲ್ಲ.

ಬೆಳಗಿನವರೆಗೆ ನಡೆಯುತ್ತಿದ್ದ ಆಟಗಳು ಈಚೆಗೆ ಕಾಲಮಿತಿಗೆ ಒಳಗಾಗಿ ನಡುರಾತ್ರಿಯ ಸುಮಾರಿಗೇ ಮುಗಿಯುತ್ತಿವೆ. ಭಾಗವತರು ಮಂಗಳ ಹಾಡುವಷ್ಟರಲ್ಲಿ ಜನ ಚಾಪೆ ಮಡಚಿ, ನಿದ್ದೆಗಣ್ಣಿನ ಮಕ್ಕಳನ್ನು ಹೆಗಲಿಗೇರಿಸಿ, ಟಾರ್ಚಿನ ಬೆಳಕಲ್ಲಿ ಬದುಗಳ ಮೇಲೆ ಚದುರಿರುತ್ತಾರೆ. ಸೇವಾಕರ್ತರ ಮನೆಯವರು ಆಗ ಚೌಕಿಗೆ ಬರುತ್ತಾರೆ. ಅರ್ಧ ಬಣ್ಣ ಒರೆಸಿಕೊಂಡ ವೇಷಧಾರಿಗಳ ನಡುವೆ, ಮೇಳದ ಗಣಪತಿಯ ಎದುರು ಅವರು ಕೈಯೊಡ್ಡಿ ನಿಲ್ಲುತ್ತಾರೆ. ಅರ್ಚಕರು ಒಂದು ಬಾಳೆಲೆಯ ತುಂಡಿನಲ್ಲಿ ಗಂಧ, ಹೂವು, ಪ್ರಸಾದ ಇಟ್ಟುಕೊಡುತ್ತಾರೆ. ಹೊರಗೆ ಆಗಲೇ ರಂಗಸ್ಥಳದ ಕಂಬ ಕೀಳುವ ಸದ್ದು ಕೇಳುತ್ತಿರುತ್ತದೆ, ಏಕೆಂದರೆ ಮರುದಿನದ ಆಟ ಇನ್ನೊಂದು ಊರಿನಲ್ಲಿ, ಇನ್ನೊಬ್ಬರ ಹರಕೆಯದು.