ಚೆಲ್ಲುವ ನೀರು, ಕುಡಿಯುವ ನೀರು

ಟ್ಯೂಬಾ ಎಂಬ ಭಾರಿ ಹಿತ್ತಾಳೆ ಊದುವಾದ್ಯವನ್ನು ನುಡಿಸುವವರ ಕಾಲ ಬಳಿ ಸಾಮಾನ್ಯವಾಗಿ ಒಂದು ಹಳೆಯ ಬಟ್ಟೆ ಬಿದ್ದಿರುತ್ತದೆ. ವಾದ್ಯವೃಂದ ತನ್ನ ಪಾಡಿಗೆ ಸಾಗುತ್ತಿದ್ದು ತಮಗೆ ಒಂದಿಷ್ಟು ಬಿಡುವು ಸಿಕ್ಕಿದ್ದೇ ತಡ, ಅವರು ವಾದ್ಯದ ತಳದ ತಿರುವಿನಲ್ಲಿರುವ ಪುಟ್ಟ ಕೀಲಿಯನ್ನು ಒತ್ತುತ್ತಾರೆ. ತುಟಿ ಕಂಪಿಸದಂತೆ ಬರೀ ಉಸಿರನ್ನು ಊದಿದರೆ ನೀರು ಬಟ್ಟೆಯ ಮೇಲೆ ಇಳಿಯುತ್ತದೆ. ಅಷ್ಟಕ್ಕೂ ಒಳಗಿನ ಗುಳುಗುಳು ನಿಲ್ಲದಿದ್ದರೆ ವಾಲ್ವನ್ನು ಒತ್ತಿ ಹಿಡಿದು, ಅದರ ಸ್ಲೈಡನ್ನು ಎಳೆದು ತೆಗೆದು ಕೊಡವಬೇಕು. ಅದಕ್ಕೂ ಬಗ್ಗದಿದ್ದರೆ ಹತ್ತು ಕಿಲೋ ಆಸುಪಾಸು ತೂಗುವ ಇಡೀ ವಾದ್ಯವನ್ನೇ ಎತ್ತಿ ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು. ಒಂದು ಬಾಗಿನಲ್ಲಿ ಅಡಗಿದ್ದ ನೀರು ಮುಂದಿನ ಬಾಗಿಗೆ ಉರುಳಿ ಕೊನೆಗೆ ಹೊರದಾರಿ ಕಾಣುತ್ತದೆ.

ಇದನ್ನು ನೋಡಿದ ನಮ್ಮವರಿಗೆ ಮೊದಲು ಹೊಳೆಯುವುದು ಎಂಜಲು. ಒಬ್ಬರ ಕೊಳಲನ್ನು ಇನ್ನೊಬ್ಬರು ತುಟಿಗಿಡಲು ಹಿಂಜರಿಯುವ ನಾಡು ನಮ್ಮದು. ಮುಖ ಸಿಂಡರಿಸಿದರೆ ಆಶ್ಚರ್ಯವಿಲ್ಲ. ಆದರೆ ಆ ನೀರಿನಲ್ಲಿ ಜೊಲ್ಲಿನ ಪಾಲು ತೀರಾ ಕಡಿಮೆ. ಹೆಚ್ಚಿನದೆಲ್ಲ ಉಸಿರಿನ ಆವಿ. ಶ್ವಾಸಕೋಶದಿಂದ ಹೊರಬೀಳುವ ಗಾಳಿ ಸುಮಾರು 34 ಡಿಗ್ರಿ ಬಿಸಿಯಿದ್ದು, ಹಿಡಿಯಬಲ್ಲಷ್ಟು ತೇವವನ್ನು ಹಿಡಿದುಕೊಂಡೇ ಬರುತ್ತದೆ. ತಣ್ಣಗಿನ ಹಿತ್ತಾಳೆ ತಾಗಿದಾಗ ಆ ಹೊರೆಯನ್ನು ಹೊರಲಾರದೆ ಇಳಿಸಿಬಿಡುತ್ತದೆ. ಅನ್ನದ ತಪ್ಪಲೆಯ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುವುದೂ ಇದೇ ರೀತಿ.

ಲೆಕ್ಕವೂ ಕಷ್ಟದ್ದಲ್ಲ. 34 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 37 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. 21 ಡಿಗ್ರಿಗೆ ಇಳಿದರೆ ಅದರ ಶಕ್ತಿ ಸುಮಾರು 18 ಗ್ರಾಂ ಮಾತ್ರ. ಒಂದು ಘನ ಮೀಟರ್ ಎಂದರೆ ನಾಲ್ಕು ಲೀಟರಿನ 250 ದೊಡ್ಡ ಉಸಿರು. ಅಷ್ಟು ಉಸಿರೂ ಕೊಳವೆಯೊಳಗೆ ಪೂರ್ತಿ ತಣಿದರೆ ಹತ್ತಿರಹತ್ತಿರ ನಾಲ್ಕು ಚಮಚ ನೀರು. ತುತ್ತೂರಿಯಲ್ಲೂ ಇದು ಆಗುತ್ತದೆ, ಆದರೆ ಟ್ಯೂಬಾದ ಹಸಿವು ದೊಡ್ಡದು, ದಾರಿಯೂ ಉದ್ದ. 1835ರಲ್ಲಿ ಬರ್ಲಿನ್ನಿನ ವಿಲ್ಹೆಲ್ಮ್ ವೀಪ್ರೆಕ್ಟ್ ಮತ್ತು ಯೋಹಾನ್ ಗಾಟ್‌ಫ್ರೀಡ್ ಮೋರಿಟ್ಸ್ ಪೇಟೆಂಟ್ ಪಡೆದ ಈ ವಾದ್ಯದ ಇಂದಿನ ದೊಡ್ಡ ರೂಪದ ಸುರುಳಿಯನ್ನು ಬಿಚ್ಚಿ ನೆಟ್ಟಗೆ ಮಾಡಿದರೆ ಸುಮಾರು 18 ಅಡಿ. ವಾಲ್ವುಗಳ ಕೊಳವೆಗಳು ಬೇರೆ. ನೀರಿಗೆ ಕೂರಲು ಜಾಗಕ್ಕೇನು ಬರ!

ಈಗ ಈ ವಾದ್ಯವನ್ನು ಕುವೈತಿಗೆ ಕೊಂಡೊಯ್ಯೋಣ. 2016ರಲ್ಲಿ ಬಾಗಿಲು ತೆರೆದ ಶೇಖ್ ಜಾಬರ್ ಅಲ್-ಅಹ್ಮದ್ ಸಾಂಸ್ಕೃತಿಕ ಕೇಂದ್ರದಂಥ ಹವಾನಿಯಂತ್ರಿತ ರಂಗಮಂದಿರವೊಂದರಲ್ಲಿ ಟ್ಯೂಬಾ ನುಡಿಯಿತೆನ್ನಿ. ಹಿತ್ತಾಳೆ ತಂಪಾಗಿರುತ್ತದೆ, ನೀರು ಧಾರಾಳವಾಗಿ ಕಟ್ಟುತ್ತದೆ. ಅದೇ ವಾದ್ಯವನ್ನು ಜುಲೈ ಮಧ್ಯಾಹ್ನ ಹೊರಗೆ ತಂದು, ಲೋಹ ಕಾದ ಮೇಲೆ ನುಡಿಸಿದರೆ ಒಂದು ಹನಿಯೂ ಕಟ್ಟುವುದಿಲ್ಲ. ಕೊಳವೆಯ ಗೋಡೆ ಉಸಿರಿಗಿಂತ ಬಿಸಿಯಾಗಿದ್ದರೆ ಆವಿ ಇಳಿಯುವುದಾದರೂ ಎಲ್ಲಿಗೆ? ಅದೇ 2016ರ ಜುಲೈ 21ರಂದು ಕುವೈತಿನ ಮಿತ್ರಿಬಾದಲ್ಲಿ ದಾಖಲಾದ ಉಷ್ಣತೆಯನ್ನು ವಿಶ್ವ ಹವಾಮಾನ ಸಂಸ್ಥೆ 53.9 ಡಿಗ್ರಿ ಎಂದು ಒಪ್ಪಿಕೊಂಡಿದೆ. ಅಂಥ ಬಿಸಿಲಿನಲ್ಲಿ ಹಿತ್ತಾಳೆಯನ್ನು ಕೈಯಲ್ಲಿ ಹಿಡಿಯುವುದೇ ಆಗದ ಮಾತು.

ಇನ್ನೊಂದು ಬಗೆಯೂ ಉಂಟು. ವಾಯವ್ಯದಿಂದ ಬೀಸುವ ಒಣಗಾಳಿ ಶಮಾಲ್ ನಿಂತು, ಆಗ್ನೇಯದಿಂದ ಕಡಲ ತೇವ ಹೊತ್ತ ಕೌಸ್ ಬೀಸುವ ರಾತ್ರಿ, ತಣ್ಣಗಿನ ಸಭಾಂಗಣದಿಂದ ವಾದ್ಯವನ್ನು ಹೊರತನ್ನಿ. ಆಗ ಟ್ಯೂಬಾದ ಹೊರಮೈ ಬೆವರುತ್ತದೆ. ಒಳಗೆ ಉಸಿರಿನ ನೀರು, ಹೊರಗೆ ಕಡಲ ನೀರು, ನಡುವೆ ಒಂದು ತೆಳ್ಳಗಿನ ಲೋಹದ ಹಾಳೆ.

ಮಂಗಳೂರಿನ ಚರ್ಚಿನ ಹಬ್ಬಗಳಲ್ಲಿ, ಮದುವೆಗಳಲ್ಲಿ ಬ್ರಾಸ್ ಬ್ಯಾಂಡ್ ಕೇಳಿದವರು ಒಂದು ಪ್ರಶ್ನೆ ಕೇಳಬಹುದು: ಅಷ್ಟೊಂದು ಸೆಕೆಯ ಊರಿನಲ್ಲಿ ವಾದ್ಯಗಳೆಲ್ಲ ನೀರಿನಲ್ಲಿ ಮುಳುಗಬೇಕಲ್ಲ? ಇಲ್ಲ. ಮಂಗಳೂರಿನ 30 ಡಿಗ್ರಿಯ ಹಿತ್ತಾಳೆ ಉಸಿರಿನಿಂದ ಕಸಿದುಕೊಳ್ಳುವ ನೀರು, ಮರುಭೂಮಿಯ ತಂಪು ಸಭಾಂಗಣದ ಹಿತ್ತಾಳೆ ಕಸಿದುಕೊಳ್ಳುವುದರ ಅರ್ಧವೂ ಅಲ್ಲ. ಊರು ಎಷ್ಟು ತೇವ ಎಂಬುದಲ್ಲ, ಕೊಳವೆ ಎಷ್ಟು ತಣ್ಣಗಿದೆ ಎಂಬುದು ಮುಖ್ಯ. ಮಳೆ ಸುರಿಯುವ ಕರಾವಳಿಯಲ್ಲಿ ಕಡಿಮೆ ನೀರು, ಮರಳಿನ ನಾಡಿನಲ್ಲಿ ಹೆಚ್ಚು ನೀರು! ನನ್ನ ಮಟ್ಟಿಗೆ ಈ ವಿಷಯದಲ್ಲಿ ಬೆರಗು ಶುರುವಾಗುವುದು ಇಲ್ಲಿಂದ.

ಅದು ಪೂರ್ತಿಯಾಗುವುದು ಕುವೈತಿನ ನಲ್ಲಿ ತಿರುಗಿಸಿದಾಗ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ಕುವೈತಿನಲ್ಲಿ ನೂರರ ಆಸುಪಾಸು. ನದಿಯೊಂದೂ ಇಲ್ಲ. ಒಂದು ಕಾಲದಲ್ಲಿ ಶತ್ ಅಲ್-ಅರಬ್ ನದಿಯ ಸಿಹಿನೀರನ್ನು ಹಾಯಿಹಡಗುಗಳಲ್ಲಿ ತುಂಬಿ ತಂದು ಕುಡಿದ ಪಟ್ಟಣ ಅದು. 1953ರಲ್ಲಿ ಶುವೈಖ್‌ನಲ್ಲಿ ಸಮುದ್ರದ ನೀರಿನಿಂದ ದಿನಕ್ಕೆ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಭಟ್ಟಿ ಇಳಿಸುವ ಸ್ಥಾವರ ಕೆಲಸ ಆರಂಭಿಸಿತು. ಅದೇ ದಶಕದ ಕೊನೆಯ ಹೊತ್ತಿಗೆ ಬಹುಹಂತಗಳಲ್ಲಿ ಆವಿ ಮಾಡುವ ಹೊಸ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ದುಡಿಸಿಕೊಂಡ ಮೊದಲಿಗರಲ್ಲಿ ಕುವೈತೂ ಒಂದಾಯಿತು.

ಆ ವಿಧಾನ ಇಷ್ಟೇ: ಕಾಯಿಸಿದ ಸಮುದ್ರದ ನೀರನ್ನು ಒಂದರ ನಂತರ ಒಂದರಂತೆ ಒತ್ತಡ ಕಡಿಮೆಯಾಗುತ್ತಾ ಹೋಗುವ ಕೋಣೆಗಳಿಗೆ ಬಿಡುತ್ತಾರೆ. ಒತ್ತಡ ಇಳಿದೊಡನೆ ನೀರಿನ ಒಂದಂಶ ಥಟ್ಟನೆ ಆವಿಯಾಗುತ್ತದೆ, ಉಪ್ಪು ಕೆಳಗೇ ಉಳಿಯುತ್ತದೆ. ಮೇಲೇರಿದ ಆವಿ ಅಲ್ಲಿ ಜೋಡಿಸಿಟ್ಟ ಲೋಹದ ಕೊಳವೆಗಳಿಗೆ ತಾಗಿ ಹನಿಯಾಗಿ ಕೆಳಗಿನ ತಟ್ಟೆಗೆ ಬೀಳುತ್ತದೆ. ಆ ಕೊಳವೆಗಳು ಯಾವುದರವು? ತಾಮ್ರ–ನಿಕ್ಕಲ್ ಮಿಶ್ರಲೋಹದವು, ಇಲ್ಲವೇ ಅಲ್ಯೂಮಿನಿಯಂ ಬೆರೆಸಿದ ಹಿತ್ತಾಳೆಯವು. ಇಂದು ಸೂಕ್ಷ್ಮಪೊರೆಯಲ್ಲಿ ಸೋಸುವ ಸ್ಥಾವರಗಳೂ ಅಲ್ಲಿ ಬಂದಿವೆ. ಆದರೂ ಆಧುನಿಕ ಕುವೈತ್ ಕಟ್ಟಿಕೊಂಡದ್ದು ಹೀಗೆ ಲೋಹದ ಮೇಲೆ ಕಟ್ಟಿದ ಹನಿಗಳ ಮೇಲೆ. 1979ರಲ್ಲಿ ಸಾರ್ವಜನಿಕರಿಗೆ ತೆರೆದ ಕುವೈತ್ ಟವರ್ಸ್ ಅನ್ನು ಬಂದವರೆಲ್ಲ ನೋಡಿ ಬರುತ್ತಾರೆ. 187 ಮೀಟರ್ ಎತ್ತರದ ಮುಖ್ಯ ಗೋಪುರದ ದೊಡ್ಡ ಗೋಳದ ಕೆಳಭಾಗ 4,500 ಘನ ಮೀಟರ್ ಹಿಡಿಯುವ ನೀರಿನ ಟ್ಯಾಂಕಿ. ಮೇಲ್ಭಾಗದಲ್ಲಿ ಊಟದ ಮನೆ. ಬಾಯಾರಿಕೆಯ ನೆನಪನ್ನೇ ದೇಶದ ಗುರುತಾಗಿ ಎತ್ತಿ ನಿಲ್ಲಿಸಿದವರು ಅವರು.

ಸ್ಥಾವರದಲ್ಲಿ ತಂಪು ಕೊಳವೆಯೊಳಗಿದ್ದು ಹನಿ ಹೊರಗೆ ಕಟ್ಟುತ್ತದೆ. ಟ್ಯೂಬಾದಲ್ಲಿ ತಂಪು ಹೊರಗಿದ್ದು ಹನಿ ಒಳಗೆ ಕಟ್ಟುತ್ತದೆ. ವ್ಯತ್ಯಾಸ ಇಷ್ಟೇ. ಒಂದೇ ನಿಯಮದ ಒಂದು ತುದಿಯಲ್ಲಿ ಒಂದು ದೇಶದ ಕುಡಿಯುವ ನೀರು, ಇನ್ನೊಂದು ತುದಿಯಲ್ಲಿ ಹಳೆಯ ಬಟ್ಟೆಗೆ ಒರೆಸಿ ಮರೆಯುವ ನೀರು. ಇವೆರಡೂ ಬೇರೆಬೇರೆ ನೀರೂ ಅಲ್ಲ. ಕುವೈತಿನ ವಾದಕರು ಬೆಳಿಗ್ಗೆ ಕುಡಿದದ್ದು ಹೆಚ್ಚಾಗಿ ಕೊಲ್ಲಿಯಿಂದ ಆವಿಯಾಗಿ ಎದ್ದು ಲೋಹ ತಾಗಿ ಇಳಿದ ನೀರು. ರುಚಿಗೂ ಖನಿಜಕ್ಕೂ ನೆಲದಡಿಯ ಸವಳು ನೀರನ್ನು ಸ್ವಲ್ಪ ಬೆರೆಸಿರುತ್ತಾರೆ. ಅದು ರಕ್ತವಾಗಿ, ಶ್ವಾಸಕೋಶದ ತೇವವಾಗಿ, ಸಂಜೆ ಮತ್ತೆ ಆವಿಯಾಗಿ ಇನ್ನೊಂದು ಲೋಹ ತಾಗಿ ಎರಡನೆಯ ಸಲ ಭಟ್ಟಿ ಇಳಿಯುತ್ತದೆ. ಮೊದಲ ಇಳಿತಕ್ಕೆ ಬೆಂಕಿಯನ್ನು ಎಣ್ಣೆ ಮತ್ತು ಅನಿಲ ಒದಗಿಸಿದರೆ, ಎರಡನೆಯದಕ್ಕೆ ಮನುಷ್ಯನ ಮೈಬಿಸಿಯೇ ಸಾಕು.

ನೀರಿಗೂ ನಾದಕ್ಕೂ ನಂಟು ಆ ನೆಲಕ್ಕೆ ಹೊಸತಲ್ಲ. ಮುತ್ತು ಹೆಕ್ಕಲು ತಿಂಗಳುಗಟ್ಟಲೆ ಕಡಲಲ್ಲಿರುತ್ತಿದ್ದವರ ಹಾಡುಗಳಿಗೆ ಜಹ್ಲಾ ಎಂಬ ಮಣ್ಣಿನ ನೀರಿನ ಹಂಡೆಯನ್ನೇ ಬಡಿದು ತಾಳ ಹಾಕುತ್ತಿದ್ದರು. ನಮ್ಮ ಘಟವನ್ನು ಬಲ್ಲವರಿಗೆ ಇದು ಅಚ್ಚರಿಯಲ್ಲ. ಅಲ್ಲಿ ನೀರಿನ ಪಾತ್ರೆ ವಾದ್ಯವಾಯಿತು; ಟ್ಯೂಬಾದಲ್ಲಿ ವಾದ್ಯವೇ ನೀರಿನ ಪಾತ್ರೆಯಾಗುತ್ತದೆ.

ಹಾಗಾದರೆ ಈ ನೀರು ಸಂಗೀತವನ್ನು ಕೆಡಿಸುವುದು ಹೇಗೆ? ತಳದಲ್ಲಿ ನಿಂತ ನೀರಿನ ಮೇಲೆ ಉಸಿರು ಹಾಯುವಾಗ ಅಲೆ, ಗುಳ್ಳೆ ಏಳುತ್ತವೆ. ಮಂದ್ರಸ್ವರದ ಜೊತೆ ಗುಳುಗುಳು ಸೇರಿಕೊಳ್ಳುತ್ತದೆ. ಸ್ವರ ಮಾತ್ರ ನಿಲ್ಲುವುದಿಲ್ಲ, ಏಕೆಂದರೆ ನಾವು ಕೇಳುವುದು ಉಸಿರನ್ನಲ್ಲ, ಅಲೆಯನ್ನು. ಸೆಕೆಂಡಿಗೆ 340 ಮೀಟರಿನಷ್ಟು ವೇಗದಲ್ಲಿ ನಾದ ಕೊನೆಯ ಸಾಲಿನ ಕಿವಿಯನ್ನು ತಲಪಿದಾಗ, ಅದನ್ನು ಹುಟ್ಟಿಸಿದ ಉಸಿರು ಇನ್ನೂ ಕೊಳವೆಯ ಸುರುಳಿಗಳಲ್ಲಿ ತೆವಳುತ್ತಿರುತ್ತದೆ. ನಾದ ಹೊರಟುಹೋಗುತ್ತದೆ, ಉಸಿರು ಹಿಂದುಳಿಯುತ್ತದೆ, ಹಿಂದುಳಿದು ನೀರಾಗುತ್ತದೆ. ನೀರಾಗುವಾಗ ತನ್ನ ಬಿಸಿಯನ್ನು ಹಿತ್ತಾಳೆಗೆ ಕೊಟ್ಟು ಹೋಗುತ್ತದೆ. ಕಛೇರಿ ಮುಂದುವರಿದಂತೆ ವಾದ್ಯ ಬೆಚ್ಚಗಾಗಿ, ಶ್ರುತಿ ಕೊಂಚ ಏರಿ, ನೀರು ಕಟ್ಟುವುದೂ ಕಡಿಮೆಯಾಗುವುದಕ್ಕೆ ಇದೂ ಒಂದು ಕಾರಣ.

ಬೆರಗಿನ ಹೆಸರಿನಲ್ಲಿ ಕೆಲಸ ಮರೆಯುವಂತಿಲ್ಲ. ಒಳಗೇ ಬಿಟ್ಟ ನೀರು ಹಿತ್ತಾಳೆಯಿಂದ ಸತುವನ್ನು ಕಳಚಿ ತಾಮ್ರವನ್ನಷ್ಟೇ ಉಳಿಸುತ್ತದೆ. ಮೊದಲು ಕೆಂಪು ಚುಕ್ಕೆ, ಆಮೇಲೆ ತೂತು. ಹಾಗಾಗಿ ನುಡಿಸಿದ ಮೇಲೆ ಸ್ಲೈಡುಗಳನ್ನು ತೆಗೆದು, ನೀರು ಬಸಿದು, ಗಾಳಿಯಾಡಲು ಬಿಡಬೇಕು.

ವಿಸ್ಮಯಕ್ಕಾಗಿ ನಕ್ಷತ್ರಗಳನ್ನೇ ನೋಡಬೇಕೆಂದಿಲ್ಲ. ಒಂದು ಚಿಕ್ಕ ಉಪದ್ರವದ ಕಾರಣವನ್ನು ಕೊನೆಯ ತನಕ ಹಿಂಬಾಲಿಸುವ ತಾಳ್ಮೆಯಿದ್ದರೆ ಸಾಕು. ಒಂದು ದೇಶ ಬದುಕಿದ ಬಗೆಯೇ ಅದರ ಕೊನೆಯಲ್ಲಿ ಸಿಗಬಹುದು. ಮುಂದೊಮ್ಮೆ ಮೈಸೂರಿನ ದಸರೆಯಲ್ಲೋ ಕುವೈತಿನ ಸಭಾಂಗಣದಲ್ಲೋ ಯಾರಾದರೂ ವಾದ್ಯದ ನೀರು ಬಸಿಯುವುದು ಕಂಡರೆ ಮುಖ ಸಿಂಡರಿಸಬೇಡಿ. ಅದು ಬಹುಪಾಲು ಭಟ್ಟಿ ಇಳಿದ ನೀರು, ಮತ್ತು ಅಂಥದೇ ನೀರನ್ನು ಕುಡಿದು ಲಕ್ಷಾಂತರ ಜನ, ಅವರಲ್ಲಿ ನಮ್ಮವರೂ, ಬದುಕುತ್ತಿದ್ದಾರೆ.