ನೆನಪಿನ ದಿನದ ಕೂಲಿ

ಮೇಷ್ಟ್ರು: ನವೆಂಬರ್ ಒಂದಕ್ಕೆ ರಜೆ ಕೊಡುವುದೇ ಬೇಡ ಅನ್ನಿಸುತ್ತದಮ್ಮ. ಬಾವುಟ ಹಾರಿಸಿ ಸಿಹಿ ಹಂಚಿದರೆ ಮುಗಿಯಿತು, ಶಾಲೆಗೆ ಬೀಗ. 1956ರಲ್ಲಿ ಯಾವ ಯಾವ ಸೀಮೆ ಕೂಡಿ ಈ ರಾಜ್ಯವಾಯಿತು, 1973ರವರೆಗೂ ಅದಕ್ಕೆ ಮೈಸೂರೆಂದೇ ಏಕೆ ಹೆಸರಿತ್ತು ಎಂದು ಅವತ್ತಲ್ಲದೆ ಇನ್ಯಾವತ್ತು ಹೇಳಬೇಕು? ನವೆಂಬರ್ 26ರ ಸಂವಿಧಾನ ದಿನಕ್ಕೆ ರಜೆಯಿಲ್ಲ. ಅವತ್ತು ಮಕ್ಕಳು ಪೀಠಿಕೆ ಓದುತ್ತಾರೆ.

ಶಿಷ್ಯೆ: ನೀವು ಶಾಲೆ ಮಾತಾಡ್ತಿದ್ದೀರಿ ಸಾರ್. ರಜೆ ಇಲ್ಲ ಅಂದ್ರೆ ನಮ್ಮ ಗಾರ್ಮೆಂಟ್ಸಲ್ಲಿ ಯಾರೂ ರಾಜ್ಯದ ಕತೆ ಹೇಳೋದಿಲ್ಲ. ಮಿಷಿನ್ ಮುಂದೆ ಕೂತು ಟಾರ್ಗೆಟ್ ಮುಗಿಸ್ಬೇಕು.

ಮೇಷ್ಟ್ರು: ಸರ್ಕಾರಿ ಪಟ್ಟಿಯಲ್ಲಿದ್ದ ರಜೆಯೆಲ್ಲ ನಿಮಗೂ ಉಂಟು ತಾನೇ?

ಶಿಷ್ಯೆ: ಇಲ್ಲ ಸಾರ್, ಆ ಪಟ್ಟಿ ಕಚೇರಿಗಳಿಗೆ. ನಮಗೆ 1963ರ ಬೇರೆ ಕಾನೂನಿದೆ. ಗಣರಾಜ್ಯೋತ್ಸವ, ಮೇ ಒಂದು, ಆಗಸ್ಟ್ ಹದಿನೈದು, ಗಾಂಧಿ ಜಯಂತಿ, ರಾಜ್ಯೋತ್ಸವ, ಇವೈದು ಖಾಯಂ. ಇನ್ನೈದು ಹಬ್ಬಕ್ಕೆ. ಇವಕ್ಕೆಲ್ಲ ಸಂಬಳ ಹಿಡಿಯೋ ಹಾಗಿಲ್ಲ. ಅವತ್ತೇ ಕೆಲಸಕ್ಕೆ ಕರೆದ್ರೆ ಎರಡು ಪಟ್ಟು ಕೂಲಿ, ಇಲ್ಲವೇ ಆ ದಿನದ ಕೂಲಿ ಜೊತೆಗೆ ಬದಲಿ ರಜೆ. ಕನಕ ಜಯಂತಿ ನಿಮ್ಮ ಪಟ್ಟಿಯಲ್ಲಿದ್ರೂ ನಮ್ಮ ಐದರಲ್ಲಿ ಸೇರದಿದ್ರೆ ನಾವು ಹೋಗ್ಲೇಬೇಕು.

ಮೇಷ್ಟ್ರು: ಒಂದು ದಿನದ ಹಿರಿಮೆಯನ್ನು ಸಂಬಳದಿಂದ ಅಳೆಯುವುದು ನನಗೆ ಒಗ್ಗದು.

ಶಿಷ್ಯೆ: ಹಿರಿಮೆ ಅಳೀತಿಲ್ಲ. ನೆನಪಿನ ಖರ್ಚು ಯಾರ ತಲೆ ಮೇಲೆ ಅಂತ ಕೇಳ್ತಿದ್ದೀನಿ. ನಮ್ಮ ಯಜಮಾನರು ಗಾರೆ ಕೆಲಸದವರು. ನವೆಂಬರ್ ಒಂದಕ್ಕೆ ಮೇಸ್ತ್ರಿ ಕೆಲಸ ನಿಲ್ಲಿಸಿದ್ರೆ ಅವರಿಗೆ ಅವತ್ತಿನ ಕೂಲಿ ಇಲ್ಲ. ಒಂದೇ ಮನೆ, ಒಂದೇ ಹಬ್ಬ. ನನಗೆ ಸಂಬಳ, ಅವರಿಗೆ ನಷ್ಟ. ನಾಡು ಒಂದಾದ ಸಂತೋಷಕ್ಕೆ ಅವರು ಕೈಯಿಂದ ದುಡ್ಡು ಹಾಕಿದ ಹಾಗಾಯ್ತು.

ಮೇಷ್ಟ್ರು: ಅದು ಅನ್ಯಾಯವೇ. ಆದರೆ ಸಂಬಳ ಸಿಕ್ಕವರೆಲ್ಲ ನಾಡನ್ನು ನೆನೆಯುತ್ತಾರೆಯೇ? ಮಲಗಿ ಕಳೆಯುವವರೂ ಇದ್ದಾರೆ.

ಶಿಷ್ಯೆ: ಮಲಗ್ಲಿ ಸಾರ್. ವಾರವೆಲ್ಲ ದುಡಿದ ಮೈ. ನೆನೀಲೇಬೇಕು ಅಂತ ಕಾನೂನು ಹೇಳೋಕಾಗಲ್ಲ, ಹೇಳ್ಲೂಬಾರ್ದು. ಹೊಟ್ಟೆಗೆ ಹೊಡೀದೆ ಬಿಡುವು ಕೊಡೋದಷ್ಟೇ ಅದರ ಕೈಲಾಗೋದು. ಆ ಬಿಡುವಲ್ಲಿ ನಮ್ಮನ್ನ ಕರೆದು ನಾಲ್ಕು ಮಾತು ಹೇಳೋದು ನಿಮ್ಮಂಥವರ ಕೆಲಸ.

ಮೇಷ್ಟ್ರು: ಶಾಲೆ ತೆರೆದಿರಲಿ ಎಂಬ ಮಾತನ್ನು ನಾನು ಬಿಡಲಾರೆ. ಆದರೆ ಶಾಲೆಯ ನ್ಯಾಯವನ್ನು ಫ್ಯಾಕ್ಟರಿಗೆ ಹಚ್ಚಬಾರದು, ನೀನು ಹೇಳುವುದು ಸರಿ. ಇನ್ನು ಮುಂದೆ ಯಾವುದೇ ಜಯಂತಿಗೆ ರಜೆ ಬೇಕೆಂದು ಮನವಿ ಕೊಡುವವರು ಗಾರೆಯವನ ಆ ದಿನದ ಕೂಲಿಯನ್ನೂ ಅದೇ ಮನವಿಯಲ್ಲಿ ಬರೆಯಲಿ.