ಕವರಿಂಗ್ ಸರ ಹಾಕುವುದು ಸುಳ್ಳೇ?



ಮೇ ತಿಂಗಳು ಬಂತೆಂದರೆ ಮದುವೆಗಳು, ಮಕ್ಕಳ ಪ್ರಥಮ ಪರಮಪ್ರಸಾದ, ಕಾಂದಲ್ ಶಿಲುಬೆ ಪುಣ್ಯಕ್ಷೇತ್ರದ ಹಬ್ಬ ಎಲ್ಲವೂ ಒಂದರ ಹಿಂದೊಂದು ಬರುತ್ತವೆ. ಹಬ್ಬ ಮುಗಿದ ವಾರ ಯುವಜನರ ಕೂಟಕ್ಕೆ ಬರುವ ಹುಡುಗಿಯರಲ್ಲಿ ಒಬ್ಬಿಬ್ಬರಾದರೂ ಕಿವಿಗೆ ತೆಂಗಿನೆಣ್ಣೆ ಸವರಿಕೊಂಡು, ಕುತ್ತಿಗೆಗೆ ದುಪ್ಪಟ್ಟಾ ಸುತ್ತಿಕೊಂಡು ಬಂದಿರುತ್ತಾರೆ. ಕವರಿಂಗ್ ಒಡವೆ ಕೊಟ್ಟ ಬಳುವಳಿ ಅದು. ಈ ಸಲ ಒಬ್ಬಳು ನೇರವಾಗಿ ಕೇಳಿದಳು: "ಇಲ್ಲದ ಚಿನ್ನವನ್ನು ಇದ್ದಂತೆ ತೋರಿಸಿದ್ದಕ್ಕೇ ದೇವರು ಈ ಕಜ್ಜಿ ಕೊಟ್ಟಿದ್ದು ಅಂತ ಅಜ್ಜಿ ಹೇಳ್ತಾರೆ. ಹೌದಾ ಅಕ್ಕ?"

ಅಜ್ಜಿಯ ಮಾತಿನಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಕಜ್ಜಿ ಶಿಕ್ಷೆಯೇ ಎಂಬುದು ಒಂದು. ನಕಲಿ ಒಡವೆ ಸುಳ್ಳೇ ಎಂಬುದು ಇನ್ನೊಂದು. ಮೊದಲನೆಯದು ಸುಲಭ. ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ತಂದೆತಾಯಿಯದೋ ಎಂದು ಕೇಳಿದಾಗ ಪ್ರಭು ಯೇಸು ಆ ಲೆಕ್ಕವನ್ನೇ ತಳ್ಳಿಹಾಕಿದರು (ಯೊವಾನ್ನ, 9ನೇ ಅಧ್ಯಾಯ). ನಮ್ಮ ಹುಡುಗಿಯ ಕಿವಿಯಲ್ಲಿ ನಡೆದದ್ದು ಬರೀ ರಸಾಯನಶಾಸ್ತ್ರ. ಕವರಿಂಗ್ ಒಡವೆಯ ಒಳಗಿರುವುದು ಹಿತ್ತಾಳೆ ಅಥವಾ ತಾಮ್ರ. ಅದರ ಮೇಲೆ ಹೊಳಪು ನಿಲ್ಲಲೆಂದು ಬಹಳಷ್ಟು ಸಲ ನಿಕ್ಕಲ್ ಲೇಪ ಕೊಡುತ್ತಾರೆ, ಅದರ ಮೇಲೆ ಚಿನ್ನದ ತೆಳು ನೀರು. ಆ ನೀರು ಸವೆದ ಮೇಲೆ ಬೆವರಿನ ಉಪ್ಪು ನಿಕ್ಕಲನ್ನು ಕರಗಿಸುತ್ತದೆ. ಕರಗಿದ್ದು ಚರ್ಮದೊಳಗೆ ಹೋಗಿ ಅಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಕೆಲವರ ದೇಹ ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ, ಒಮ್ಮೆ ಗುರುತಿಟ್ಟರೆ ಸಾಮಾನ್ಯವಾಗಿ ಬದುಕಿಡೀ ಮರೆಯುವುದಿಲ್ಲ. ಹೊಸದಾಗಿ ಚುಚ್ಚಿದ ಕಿವಿಯೇ ಇದಕ್ಕೆ ದೊಡ್ಡ ಬಾಗಿಲು. ಭಾನುವಾರ ಹಾಕಿದ್ದರ ಫಲ ಸೋಮವಾರ ರಾತ್ರಿಯೋ ಮಂಗಳವಾರವೋ ಕಾಣಿಸುವುದರಿಂದ ನಾವು ಬದನೆಕಾಯಿಯನ್ನೋ ಒಣಮೀನನ್ನೋ ದೂರುತ್ತೇವೆ. (ಚರ್ಮ ಹಸಿರಾಗುವುದು ಬೇರೆ. ಅದು ತಾಮ್ರದ ಕಲೆ, ತೊಳೆದರೆ ಹೋಗುತ್ತದೆ.) ಊಟಿಯ ಚಳಿಯಲ್ಲಿ ಸುಮ್ಮನಿದ್ದ ಸರ ಮಸಿನಗುಡಿಗೆ ಇಳಿದಾಗ ಕಡಿಯುತ್ತದೆ. 1955ರಲ್ಲಿ ನಮ್ಮ ಧರ್ಮಕ್ಷೇತ್ರ ಮೈಸೂರಿನಿಂದ ಬೇರೆಯಾದರೂ ನಮ್ಮ ಎಷ್ಟೋ ಮನೆಗಳ ನೆಂಟಸ್ತಿಕೆ ಇನ್ನೂ ಮೈಸೂರು, ಚಾಮರಾಜನಗರ, ಕೊಳ್ಳೇಗಾಲದ ಕಡೆಗೇ ಇದೆ. ಮದುವೆ ಬಸ್ಸು ಘಾಟಿ ಇಳಿದಂತೆ ಬೆವರು, ಬೆವರಿದಂತೆ ತುರಿಕೆ.

ಎರಡನೆಯ ಪ್ರಶ್ನೆ ಇಷ್ಟು ಸುಲಭವಲ್ಲ. ಸಂತ ಪೌಲರೂ ಸಂತ ಪೇತ್ರರೂ ಒಡವೆಯ ಮೋಹದ ಬಗ್ಗೆ ಎಚ್ಚರಿಸಿದ್ದಾರೆ, ನಿಜ. ಆದರೆ ಆ ವಚನಗಳನ್ನು ಕವರಿಂಗ್ ಹಾಕಿದವರಿಗೆ ಓದಿಹೇಳುವವರ ಕಿವಿಯಲ್ಲಿ ಹೆಚ್ಚಾಗಿ ಅಸಲಿ ಚಿನ್ನವೇ ಇರುತ್ತದೆ. ಸರಳತೆಯ ಉಪದೇಶ ನಕಲಿಗೆ ಮಾತ್ರ ಏಕೆ? ಸಂತ ಯಕೋಬರ ಪತ್ರದಲ್ಲಿ ಚಿನ್ನದುಂಗುರದವನಿಗೆ ಒಳ್ಳೆಯ ಜಾಗ, ಹಳೆ ಬಟ್ಟೆಯವನಿಗೆ ನಿಲ್ಲುವ ಜಾಗ ಕೊಟ್ಟ ಸಭೆಯೊಂದರ ಮಾತು ಬರುತ್ತದೆ. ಪತ್ರ ಬೈಯುವುದು ಆ ಸಭೆಯನ್ನು, ಉಂಗುರದವನನ್ನಲ್ಲ.

ಹುಡುಗಿಯರ ಜುಮಕಿಗಿಂತ ನನ್ನನ್ನು ಹೆಚ್ಚು ಕಾಡುವುದು ತಾಳಿ ಸರ. ಮಕ್ಕಳ ಕಾಲೇಜು ಫೀಸಿಗೋ ಆಸ್ಪತ್ರೆ ಖರ್ಚಿಗೋ ಚಿನ್ನದ ಸರವನ್ನು ಅಡವಿಟ್ಟು, ಅದೇ ಮಾದರಿಯ ಕವರಿಂಗ್ ಸರ ಹಾಕಿಕೊಂಡು ಓಡಾಡುವ ತಾಯಂದಿರು ಎಲ್ಲ ಭಾಷೆಯ ಮನೆಗಳಲ್ಲೂ ಇದ್ದಾರೆ. ಟೀ ತೋಟದಲ್ಲಿ ದಿನವಿಡೀ ಎಲೆ ಕೀಳುವವರ ಕುತ್ತಿಗೆಯಲ್ಲಿ ಆ ಸರ ಬೆವರಿನಲ್ಲೇ ನೆನೆಯುತ್ತದೆ. ಗುಳ್ಳೆ ಎದ್ದು ನೀರು ಒಸರಿದರೂ ತೆಗೆಯುವುದಿಲ್ಲ. ಅರಿಶಿನದ ದಾರಕ್ಕೆ ತಾಳಿ ಪೋಣಿಸಿಕೊಳ್ಳಬಹುದಲ್ಲ ಎಂದರೆ, "ದಾರ ನೋಡಿದವರಿಗೆ ಸರ ಎಲ್ಲಿ ಹೋಯ್ತು ಅಂತ ತಿಳಿಯೋದಿಲ್ವೇನಮ್ಮ?" ಎನ್ನುತ್ತಾರೆ. ತಾಳಿ ನಮ್ಮ ನಾಡಿನ ಸಂಪ್ರದಾಯ, ಗೌರವದ್ದೇ. ಆದರೆ ಧರ್ಮಸಭೆಯ ಕಾನೂನಿನಲ್ಲಿ ವಿವಾಹವನ್ನು ಕಟ್ಟುವುದು ವಧೂವರರ ಸಮ್ಮತಿ (ಕ್ಯಾನನ್ 1057). ಕುತ್ತಿಗೆ ಮಾಗುವವರೆಗೆ ಸರ ತೆಗೆದಿಟ್ಟರೆ ಯಾವ ಸಂಸ್ಕಾರಕ್ಕೂ ಕುಂದಿಲ್ಲ. ಅತ್ತೆಯಂದಿರೂ ಇದನ್ನು ಓದಲಿ ಎಂದೇ ಬರೆಯುತ್ತಿದ್ದೇನೆ.

ಈ ತಾಯಿ ಸುಳ್ಳು ಹೇಳುತ್ತಿದ್ದಾರೆಯೇ? 13ನೇ ಶತಮಾನದ ಸಂತ ತೋಮಸ್ ಅಕ್ವಿನಾಸರು ತಮ್ಮ ಸುಮ್ಮಾ ಗ್ರಂಥದಲ್ಲಿ ಹೆಂಗಸರ ಅಲಂಕಾರವನ್ನು ಚರ್ಚಿಸುವಾಗ ಒಂದು ಸೂಕ್ಷ್ಮ ಭೇದ ಮಾಡುತ್ತಾರೆ. ಇಲ್ಲದ ಅಂದವನ್ನು ನಟಿಸುವುದು ಒಂದು, ರೋಗ ಮುಂತಾದವುಗಳಿಂದ ಬಂದ ಕುಂದನ್ನು ಮರೆಮಾಡುವುದು ಇನ್ನೊಂದು, ಎರಡನೆಯದಕ್ಕೆ ಅಡ್ಡಿಯಿಲ್ಲ ಎಂದು. ಸಾಲವೂ ಅಂಥದೊಂದು ಕುಂದೇ ಎಂದು ನಾನು ಓದಿಕೊಳ್ಳುತ್ತೇನೆ. ಆ ಸರವನ್ನು ಚಿನ್ನವೆಂದು ಮಾರಿದರೆ, ಅಥವಾ ಅದನ್ನೇ ಅಡವಿಡಲು ಒಯ್ದರೆ ಮೋಸ. ಹಾಕಿಕೊಂಡು ದಿವ್ಯಬಲಿಪೂಜೆಗೆ ಬಂದರೆ ಯಾರ ಕಾಸೂ ಹೋಗುವುದಿಲ್ಲ. ಬೇರೆಯವರ ಸಾಲ ತಿಳಿದುಕೊಳ್ಳುವ ಹಕ್ಕು ನಮಗೆ ಕೊಟ್ಟವರು ಯಾರು? ನಾಳೆ ದಾರ ಕಂಡಾಗ ನಾವು ಏನನ್ನೂ ಕೇಳದೆ ಸುಮ್ಮನಿರುತ್ತೇವೆ ಎಂಬ ನಂಬಿಕೆ ಆಕೆಗೆ ಇದ್ದಿದ್ದರೆ ಆಕೆಯ ಕುತ್ತಿಗೆ ಹೀಗಾಗುತ್ತಿರಲಿಲ್ಲ. ಗುಳ್ಳೆಗೆ ಅರ್ಧ ಕಾರಣ ನಿಕ್ಕಲ್, ಇನ್ನರ್ಧ ನಮ್ಮ ಕಣ್ಣು.

ಸುಳ್ಳನ್ನು ಹುಡುಕುವುದಾದರೆ ಅಂಗಡಿಯಲ್ಲಿ ಹುಡುಕೋಣ. ಅದೇ ಗ್ರಂಥದಲ್ಲಿ ಅಕ್ವಿನಾಸರು ರಸವಾದಿಗಳ ಚಿನ್ನದ ಬಗ್ಗೆಯೂ ಹೇಳುತ್ತಾರೆ: ಚಿನ್ನದ ಗುಣವಿಲ್ಲದ್ದನ್ನು ಚಿನ್ನವೆಂದು ಮಾರುವುದು ಅನ್ಯಾಯ. ಜೊತೆಗೆ, ಕೊಳ್ಳುವವರಿಗೆ ಅಪಾಯ ತರುವ ಕಾಣದ ದೋಷ ವಸ್ತುವಿನಲ್ಲಿದ್ದರೆ ಮಾರುವವನು ಅದನ್ನು ತಿಳಿಸಲೇಬೇಕು ಎಂದೂ. 'ಜರ್ಮನ್ ಸಿಲ್ವರ್' ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ. ಬೆಟ್ಟದ ಹಳ್ಳಿಗಳಿಗೆ ಕೋತರೇ ಲೋಹದ ಕೆಲಸ ಮಾಡಿಕೊಡುತ್ತಿದ್ದ ಕಾಲದಲ್ಲಿ ಮಾಡಿದವನ ಮುಖ ಪರಿಚಯವಿತ್ತು, ಹೋಗಿ ಕೇಳಬಹುದಿತ್ತು. ಈಗ ಮುಖದ ಬದಲು ಮುದ್ರೆ. ಚಿನ್ನಕ್ಕೆ 2021ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು, ಉಳ್ಳವರಿಗೆ ತಮ್ಮ ಒಡವೆಯಲ್ಲಿ ಏನಿದೆಯೆಂದು ತಿಳಿಯುತ್ತದೆ. ನಾನು ನೋಡಿದ ಯಾವ ಕವರಿಂಗ್ ಡಬ್ಬಿಯ ಮೇಲೂ ನಿಕ್ಕಲ್ ಎಂಬ ಪದವಿಲ್ಲ. ಯುರೋಪಿನಲ್ಲಿ 1994ರಲ್ಲೇ ಇದಕ್ಕೆ ನಿಯಮ ಮಾಡಿದರು: ಮೈಗೆ ತಾಗಿಕೊಂಡೇ ಇರುವ ಒಡವೆಯಿಂದ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡುಗಡೆಯಾಗಬಾರದು. ಚುಚ್ಚಿದ ರಂಧ್ರದೊಳಗೆ ಹೋಗುವ ಕಡ್ಡಿಗೆ ಈಗ ಇನ್ನೂ ಬಿಗಿ, 0.2. ಶ್ರೀಮಂತ ದೇಶದ ಅಗ್ಗದ ಓಲೆಗೂ ಅಳತೆಯುಂಟು.

ಹಾಗಾದರೆ ನಮ್ಮದೇ ಮೇಜು? ಹಬ್ಬದ ದಿನ ಯುವಜನರು ಶಿಲುಬೆ, ಪದಕ, ಜಪಮಾಲೆ ಮಾರುತ್ತೇವೆ, ಲಾಭ ಬಡ ಮಕ್ಕಳ ಪುಸ್ತಕಕ್ಕೆ. ಬಿಎಸ್ಸಿಯಲ್ಲಿ ಕಲಿತ ಡೈಮಿಥೈಲ್‌ಗ್ಲೈಆಕ್ಸಿಮ್ ಪರೀಕ್ಷೆ ಇಲ್ಲಿ ಉಪಯೋಗಕ್ಕೆ ಬಂತು. ಅದಕ್ಕೆ ಅಮೋನಿಯಾ ಬೆರೆಸಿ ಹತ್ತಿಯಲ್ಲಿ ಒರೆಸಿದಾಗ ಹತ್ತಿ ಗುಲಾಬಿಯಾದರೆ ನಿಕ್ಕಲ್ ಬಿಡುತ್ತಿದೆ ಎಂದರ್ಥ. ನಮ್ಮ ಡಬ್ಬಿಯ ಕೆಲವು ಶಿಲುಬೆಗಳೂ ಗುಲಾಬಿಯಾದವು. ಅವನ್ನು ಮಾರುವುದಿಲ್ಲ ಎಂದು ಯುವಜನರೇ ತೀರ್ಮಾನಿಸಿದ್ದಾರೆ, ಆ ನಷ್ಟವನ್ನು ಹಂಚಿಕೊಳ್ಳುತ್ತೇವೆ. ಆಶೀರ್ವದಿಸಿದ ವಸ್ತು ಕಡಿಯುವುದಿಲ್ಲ ಎಂದೋ, ಕಡಿದರೆ ತಪಸ್ಸೆಂದು ತಡೆದುಕೋ ಎಂದೋ ಮಕ್ಕಳಿಗೆ ಹೇಳಬೇಡಿ. ತಪಸ್ಸು ತಾನಾಗಿ ಆರಿಸಿಕೊಳ್ಳುವಂಥದ್ದು.

ಈಗಾಗಲೇ ತೊಂದರೆ ಇರುವವರು ಓಲೆಯ ಕಡ್ಡಿಗೂ ಸರದ ಒಳಬದಿಗೂ ಬಣ್ಣವಿಲ್ಲದ ನೇಲ್ ಪಾಲಿಶ್ ಹಚ್ಚಬಹುದು. ಅದು ಬೇಗ ಸವೆಯುತ್ತದೆ, ಮತ್ತೆ ಮತ್ತೆ ಹಚ್ಚಬೇಕು. ನೀರು ಒಸರುತ್ತಿದ್ದರೆ ಮೊದಲು ಒಡವೆ ತೆಗೆದು ಚರ್ಮದ ಡಾಕ್ಟರನ್ನು ಕಾಣಿರಿ. ಬೆನ್ನಿನ ಮೇಲೆ ಎರಡು ದಿನ ಪಟ್ಟಿ ಅಂಟಿಸಿ ಯಾವ ಲೋಹವೆಂದು ಪತ್ತೆಮಾಡುವ ಪರೀಕ್ಷೆಯಿದೆ. ಉತ್ತರೀಯದ ಬದಲು ಲೋಹದ ಪದಕ ಧರಿಸುವವರು ಹಿಂದಿನಂತೆ ಬಟ್ಟೆಯದಕ್ಕೇ ಮರಳಬಹುದು. ಪದಕಕ್ಕೆ ಅನುಮತಿ ಬಂದದ್ದೇ 1910ರಲ್ಲಿ, ಸಂತ ಹತ್ತನೇ ಪಯಸ್ ಅವರಿಂದ. ಬಟ್ಟೆಯ ಉತ್ತರೀಯ ಉಣ್ಣೆಯದು, ಉಣ್ಣೆಯೂ ಕೆಲವರಿಗೆ ಕಡಿಯುತ್ತದೆ, ಅಂಗಿಯ ಮೇಲೆ ಧರಿಸಿದರಾಯಿತು. ಮುಂದಿನ ಹಬ್ಬಕ್ಕೆ ನಮ್ಮ ಮೇಜಿನಲ್ಲಿ ಹತ್ತಿದಾರದ ಮರದ ಶಿಲುಬೆಗಳಿರುತ್ತವೆ. ದಾರ ಹೆಣೆಯಲು ಬರುವವರು ಭಾನುವಾರ ಪೂಜೆಯ ನಂತರ ಸಭಾಂಗಣದಲ್ಲಿ ಸಿಗಿರಿ.